ಹಿಂದಿನ ಸ್ಪ್ರಾಕೆಟ್‌ಗೆ ಲಾಕ್‌ಟೈಟ್: ಹಾಕಿ, ಆದರೆ ಅದೊಂದನ್ನೇ ನಂಬಬೇಡಿ

ನಮಸ್ಕಾರ ಮಾರಾಯ್ರೆ. ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಹಳೆಯ ಕಪ್ಪು ಸೈಕಲ್‌ನ ಫ್ರೀವೀಲ್ (ಹಿಂದಕ್ಕೆ ತುಳಿದರೆ ಸುಮ್ನೆ ತಿರುಗುವ ಹಲ್ಲುಚಕ್ರ) ಬಿಚ್ಚಿ, ಚಕ್ರದ ನಡುವಿನ ಅದೇ ಹಬ್ಬಿಗೆ ಫಿಕ್ಸೆಡ್ ಸ್ಪ್ರಾಕೆಟ್, ಅಂದರೆ ಯಾವಾಗಲೂ ಚಕ್ರದ ಜೊತೆಗೇ ತಿರುಗುವ ಹಲ್ಲುಚಕ್ರ, ತಿರುಗಿಸಿ ಕೂರಿಸಿದ್ದೀರಿ. ಏರು ಹತ್ತುವಾಗ ಏನೂ ತೊಂದರೆ ಇಲ್ಲ. ತೀರ್ಥಹಳ್ಳಿ ಕಡೆ ಇಳಿಜಾರಿನಲ್ಲಿ ಪೆಡಲ್ ತಡೆದು ವೇಗ ಕಮ್ಮಿ ಮಾಡಲು ಹೋದರೆ ಸ್ಪ್ರಾಕೆಟ್ ಸಡಿಲವಾಗುತ್ತಿದೆ. ಒಬ್ಬರು ಕೆಂಪು ಲಾಕ್‌ಟೈಟ್ (ಥ್ರೆಡ್ ಸಡಿಲವಾಗದ ಹಾಗೆ ಹಿಡಿಯುವ ಅಂಟು) ಸುರಿಯಿರಿ ಅಂದಿದ್ದಾರೆ, ಇನ್ನೊಬ್ಬರು ವೆಲ್ಡ್ ಹೊಡೆಸಿ ಅಂದಿದ್ದಾರೆ.

ಲಾಕ್‌ಟೈಟ್ ಹಾಕಿ, ತಪ್ಪೇನಿಲ್ಲ. ಆದರೆ ಸ್ಪ್ರಾಕೆಟ್ ಹಿಡಿದು ನಿಲ್ಲಿಸಬೇಕಾದದ್ದು ಥ್ರೆಡ್ಡಿನ ಬಿಗಿ ಮತ್ತು ಲಾಕ್ ರಿಂಗ್, ಅಂದರೆ ಸ್ಪ್ರಾಕೆಟ್ ಮೇಲೆ ಬಿಗಿ ಮಾಡುವ ಇನ್ನೊಂದು ಬಳೆ. ಅಂಟು ಅವೆರಡರ ಜೊತೆಗೆ ಮೂರನೆಯ ಕೈ ಅಷ್ಟೆ. ಮತ್ತೆ ಸ್ಪ್ರಾಕೆಟ್ ಎಷ್ಟೇ ಗಟ್ಟಿಯಾಗಿ ಕೂತರೂ ನಮ್ಮ ಕಡೆಯ ರಸ್ತೆಯಲ್ಲಿ ಎರಡೂ ಬ್ರೇಕ್ ಇಲ್ಲದೆ ಇಳಿಯಬೇಡಿ.

ಯಾಕೆ ಬಿಚ್ಚಿಕೊಳ್ಳುತ್ತದೆ ಅಂತ ಮೊದಲು ನೋಡೋಣ. ಹಬ್ಬಿನ ಬಲಗಡೆಯ ಥ್ರೆಡ್ ಮಾಮೂಲಿ ಬಲಗೈ ಥ್ರೆಡ್. ಅಗಲ 1.37 ಇಂಚು, ಇಂಚಿಗೆ 24 ಸುತ್ತು, ಅಂದರೆ ಒಂದು ಸುತ್ತಿಗೆ ಹೆಚ್ಚುಕಮ್ಮಿ ಒಂದು ಮಿಲಿಮೀಟರ್. ಮುಂದಕ್ಕೆ ತುಳಿದಷ್ಟೂ ಅದು ಬಿಗಿಯಾಗುತ್ತದೆ. ಫ್ರೀವೀಲ್ ಇದ್ದಾಗ ಹಿಂದಕ್ಕೆ ತುಳಿದರೆ ಟಕಟಕ ಅಂತ ಸುಮ್ನೆ ತಿರುಗುತ್ತದೆ, ಥ್ರೆಡ್ಡಿನ ಮೇಲೆ ಬಿಚ್ಚುವ ಕಡೆಗೆ ಬಲ ಬೀಳುವುದೇ ಇಲ್ಲ. ಅದಕ್ಕೇ ಫ್ರೀವೀಲ್‌ಗೆ ಲಾಕ್‌ಟೈಟ್ ಬೇಡವೇ ಬೇಡ, ಅಲ್ಲಿ ಗ್ರೀಸ್ ಹಚ್ಚಬೇಕು. ಇಲ್ಲದಿದ್ದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿದು ಯಾರಿಂದಲೂ ಬಿಚ್ಚಲಿಕ್ಕೆ ಆಗುವುದಿಲ್ಲ. ಗುಂಪಿನಲ್ಲಿ ಬೇರೆಯವರೂ ಇದನ್ನು ಓದುತ್ತಿರುವುದರಿಂದ ಹೇಳಿದೆ.

ಫಿಕ್ಸೆಡ್ ಸ್ಪ್ರಾಕೆಟ್ ಕಥೆ ಬೇರೆ. ಪೆಡಲ್ ತಡೆದಾಗ ಚೈನಿನ ಕೆಳಗಿನ ಭಾಗ ಬಿಗಿಯಾಗಿ ಸ್ಪ್ರಾಕೆಟ್ಟನ್ನು ಬಿಚ್ಚುವ ಕಡೆಗೇ ಎಳೆಯುತ್ತದೆ. ಫಿಕ್ಸೆಡ್‌ಗೆ ಅಂತಲೇ ಮಾಡಿದ ಟ್ರ್ಯಾಕ್ ಹಬ್ಬಿನಲ್ಲಿ ಥ್ರೆಡ್ ಎರಡು ಮೆಟ್ಟಿಲಾಗಿರುತ್ತದೆ. ಒಳಗಿನದು ಇದೇ 1.37 ಇಂಚಿನ ಬಲಗೈ ಥ್ರೆಡ್, ಹೊರಗಿನದು 1.29 ಇಂಚಿನ ಎಡಗೈ ಥ್ರೆಡ್, ಲಾಕ್ ರಿಂಗ್ ಕೂರುವುದು ಇದರ ಮೇಲೆ. ತೋಟದಲ್ಲಿ ಕಳೆ ಹೊಡೆಯುವ ಮಷಿನ್‌ನ ಬ್ಲೇಡಿನ ನಟ್ಟು ಉಲ್ಟಾ ಥ್ರೆಡ್ ಇರುತ್ತದಲ್ಲ, ತಿರುಗಿದಷ್ಟೂ ಬಿಗಿಯಾಗಲಿ ಅಂತ, ಇದೂ ಹಾಗೇ. ಸ್ಪ್ರಾಕೆಟ್ ಬಿಚ್ಚಲು ಹೊರಟರೆ ಅದರ ಜೊತೆ ರಿಂಗ್ ಕೂಡ ತಿರುಗಬೇಕು, ತಿರುಗಿದರೆ ಅದು ಇನ್ನೂ ಬಿಗಿಯಾಗುತ್ತದೆ. ನಿಮ್ಮ ಹಬ್ಬಿನಲ್ಲಿ ಈ ಎರಡನೇ ಮೆಟ್ಟಿಲು ಇಲ್ಲ. ಇರೋ ಸಮಸ್ಯೆಯೆಲ್ಲ ಅಲ್ಲೇ.

ಆದರೆ ನಮ್ಮ ಹಳೆಯ ಸೈಕಲ್‌ನಲ್ಲೇ ಒಂದು ಅನುಕೂಲ ಇದೆ. ಪೆಡಲ್ ಆಕ್ಸಲ್ ಕೂರುವ ಬಾಟಮ್ ಬ್ರಾಕೆಟ್ಟಿನ (ಬಿಬಿ) ಎಡಗಡೆಯ ಕಪ್ಪಿಗೆ ಒಂದು ಲಾಕ್ ರಿಂಗ್ ಇರುತ್ತದೆ ನೋಡಿ, ಅದರ ಥ್ರೆಡ್ ಕೂಡ 1.37 ಇಂಚು, 24 ಸುತ್ತು, ಬಲಗೈ. ಅಂದರೆ ಅದು ಫ್ರೀವೀಲ್ ಹಬ್ಬಿನ ಮೇಲೂ ಕೂರುತ್ತದೆ. ಯಾವ ಸೈಕಲ್ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ. ಸ್ಪ್ರಾಕೆಟ್ ಬಿಗಿ ಮಾಡಿ ಅದರ ಮೇಲೆ ಈ ರಿಂಗ್ ಬಿಗಿ ಮಾಡಿದರೆ ಒಂದು ನಟ್ಟಿನ ಮೇಲೆ ಇನ್ನೊಂದು ನಟ್ಟು ಕೂರಿಸಿದ ಹಾಗೆ ಕೆಲಸ ಮಾಡುತ್ತದೆ. ಎಡಗೈ ಥ್ರೆಡ್ಡಿನಷ್ಟು ಭದ್ರ ಅಲ್ಲ, ಬಲವಾಗಿ ತಡೆದರೆ ಎರಡೂ ಸೇರಿ ಬಿಚ್ಚಿಕೊಳ್ಳಬಹುದು. ಆದರೂ ಬರೀ ಅಂಟಿಗಿಂತ ಎಷ್ಟೋ ಮೇಲು. ಸ್ಪ್ರಾಕೆಟ್ ಕೂತ ಮೇಲೆ ಹೊರಗೆ ಎಷ್ಟು ಥ್ರೆಡ್ ಉಳಿದಿದೆ ನೋಡಿಕೊಳ್ಳಿ. ರಿಂಗ್ ಪೂರ್ತಿ ದಪ್ಪಕ್ಕೂ ಥ್ರೆಡ್ ಸಿಗಬೇಕು. ಒಂದು ಸುತ್ತು ಮಾತ್ರ ಹಿಡಿದರೆ ಅದು ಬರೀ ತೋರಿಕೆಗೆ. ಚೈನಿಗೋ ಫ್ರೇಮಿಗೋ ರಿಂಗ್ ತಾಗುತ್ತದಾ ಅಂತಲೂ ಒಮ್ಮೆ ತಿರುಗಿಸಿ ನೋಡಿ.

ಈಗ ಅಂಟಿನ ವಿಷಯ. ಲಾಕ್‌ಟೈಟ್ ಜಾತಿಯ ಅಂಟು ಗಾಳಿಯಲ್ಲಿ ಒಣಗುವಂಥದ್ದಲ್ಲ, ಅದಕ್ಕೆ ಪೂರಾ ಉಲ್ಟಾ. ಗಾಳಿ ಸಿಗದ ಸಂದಿಯಲ್ಲಿ, ಲೋಹ ಮುಟ್ಟಿದಾಗ ಮಾತ್ರ ಅದು ಗಟ್ಟಿಯಾಗುತ್ತದೆ. ಅಮೆರಿಕದ ಹಾರ್ಟ್‌ಫರ್ಡ್ ಊರಿನ ಟ್ರಿನಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ವರ್ನನ್ ಕ್ರೀಬಲ್ 1950ರ ದಶಕದಲ್ಲಿ ಇದನ್ನು ಮಾರುಕಟ್ಟೆಗೆ ತಂದರು. ಬಾಟಲಿ ಯಾವಾಗಲೂ ಪೂರ್ತಿ ತುಂಬಿರುವುದಿಲ್ಲ, ಮೋಸ ಆಯಿತು ಅಂದುಕೊಳ್ಳಬೇಡಿ. ಒಳಗೆ ಗಾಳಿ ಇದ್ದರೇ ಅದು ನೀರಾಗಿ ಉಳಿಯುವುದು. ಹೊರಗೆ ಮೆತ್ತಿಕೊಂಡದ್ದು ಮರುದಿನವೂ ಒದ್ದೆಯಾಗೇ ಇದ್ದರೆ ಅಂಟು ಹಾಳಾಗಿದೆ ಅಂತಲ್ಲ, ಅಲ್ಲಿ ಗಾಳಿ ಸಿಗುತ್ತಿದೆ ಅಂತ.

ಯಾವ ಲೋಹ ಅನ್ನುವುದು ಇಲ್ಲಿ ತುಂಬಾ ಮುಖ್ಯ. ಕಬ್ಬಿಣ, ಹಿತ್ತಾಳೆ, ತಾಮ್ರ ಇದ್ದರೆ ಬೇಗ ಹಿಡಿಯುತ್ತದೆ. ಕ್ರೋಮ್ ಅಥವಾ ಜಿಂಕ್ ಲೇಪ, ಸ್ಟೇನ್‌ಲೆಸ್, ಬಣ್ಣದ ಅನೋಡೈಸ್ ಅಲ್ಯೂಮಿನಿಯಂ ಇದ್ದರೆ ನಿಧಾನ, ಅಂಥದ್ದಕ್ಕೆ ಆಕ್ಟಿವೇಟರ್ ಅಂತ ಬೇರೆ ಸ್ಪ್ರೇ ಸಿಗುತ್ತದೆ. ನಿಮ್ಮದು ಹಳೆಯ ಕಬ್ಬಿಣದ ಹಬ್ಬು, ಸ್ಪ್ರಾಕೆಟ್ ಕೂಡ ಕಬ್ಬಿಣದ್ದೇ ಆದರೆ ಇದಕ್ಕಿಂತ ಒಳ್ಳೆ ಜೋಡಿ ಇಲ್ಲ. ಸ್ಪ್ರಾಕೆಟ್ ಒಳಗಿನ ಥ್ರೆಡ್ ಹೊಳೆಯುವ ಕ್ರೋಮ್ ಆಗಿದ್ದರೆ ಮಾತ್ರ ಜಾಸ್ತಿ ಹೊತ್ತು ಬಿಡಿ.

ನೀಲಿಯೋ ಕೆಂಪೋ? ನನ್ನ ಮಟ್ಟಿಗೆ ನೀಲಿ, ಅಂದರೆ 242 ಅಥವಾ 243. ನೀಲಿ ಅಂದರೆ ಬಲ ಇಲ್ಲದ್ದು, ಪಾನಾ ಹಾಕಿದರೆ ಬಿಚ್ಚುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು 6 ಮಿ.ಮೀ. ಬೋಲ್ಟಿನ ಮಾತು. ನಿಮ್ಮ ಥ್ರೆಡ್ ಅಗಲ ಸುಮಾರು 35 ಮಿ.ಮೀ. ಒಂದೇ ಉದ್ದದ ಥ್ರೆಡ್‌ಗೆ ಅಂಟು ತಾಗುವ ಜಾಗವೇ ಸುಮಾರು ಆರು ಪಟ್ಟು, ಮಧ್ಯದಿಂದ ದೂರವೂ ಆರು ಪಟ್ಟು, ಎರಡೂ ಸೇರಿದರೆ ಬಿಚ್ಚಲು ಬೇಕಾಗುವ ಬಲ ಮೂವತ್ತು ಪಟ್ಟಿಗೂ ಮೇಲೆ. ಇಷ್ಟಿದ್ದ ಮೇಲೆ ಕೆಂಪು 271 ಯಾಕೆ? ಕೆಂಪು ಹಾಕಿದರೆ ಬಿಚ್ಚಲು 250 ಡಿಗ್ರಿ ತನಕ ಕಾಯಿಸಬೇಕು. ನಮ್ಮ ಮಳೆ ಕೆಸರಿನಲ್ಲಿ ಚೈನು, ಸ್ಪ್ರಾಕೆಟ್ ಬೇಗ ಸವೆಯುತ್ತವೆ, ಒಂದಲ್ಲ ಒಂದು ದಿನ ಬಿಚ್ಚಲೇಬೇಕು.

ಸೂಪರ್ ಗ್ಲೂ ಹಾಕಬೇಡಿ, ಅದು ಪೆಟ್ಟು ತಡೆಯುವುದಿಲ್ಲ, ಬಿರುಕು ಬಿಡುತ್ತದೆ. ನಲ್ಲಿಗೆ ಸುತ್ತುವ ಬಿಳಿ ಟೇಪ್ ಅಂತೂ ಥ್ರೆಡ್ಡನ್ನು ಇನ್ನೂ ಜಾರುವ ಹಾಗೆ ಮಾಡುತ್ತದೆ.

ಅಂಟು ಹಿಡಿಯುವುದು ಬಿಡುವುದು ಮುಕ್ಕಾಲು ಪಾಲು ಕ್ಲೀನಿಂಗ್ ಮೇಲೆ ನಿಂತಿದೆ. ಹಳೆಯ ಹಬ್ಬಿನ ಥ್ರೆಡ್ ಒಳಗೆ ವರ್ಷಗಟ್ಟಲೆಯ ಗ್ರೀಸ್, ತುಕ್ಕು, ಕೆಮ್ಮಣ್ಣು ಎಲ್ಲ ಸೇರಿ ಕೂತಿರುತ್ತದೆ. ಮೊದಲು ತಂತಿ ಬ್ರಷ್‌ನಲ್ಲಿ ಉಜ್ಜಿ. ಆಮೇಲೆ ಸೀಮೆಎಣ್ಣೆಯಲ್ಲಿ ತೊಳೆಯಿರಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ, ಸೀಮೆಎಣ್ಣೆ ತಾನೇ ಒಂದು ಎಣ್ಣೆ ಪದರ ಬಿಟ್ಟು ಹೋಗುತ್ತದೆ. ಕೊನೆಯಲ್ಲಿ ಪೇಂಟ್ ಅಂಗಡಿಯ ಥಿನ್ನರ್ ಅಥವಾ ಅಸಿಟೋನ್ ಹಾಕಿ ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆಗೆ ಕಪ್ಪು ಹತ್ತದಿರುವ ತನಕ ಒರೆಸಿ. ಸ್ಪ್ರಾಕೆಟ್ಟಿನ ಒಳಗಿನ ಥ್ರೆಡ್, ರಿಂಗಿನ ಥ್ರೆಡ್ ಎರಡಕ್ಕೂ ಇದೇ. ಜುಲೈ ತಿಂಗಳಲ್ಲಿ ನಮ್ಮಲ್ಲಿ ಕಬ್ಬಿಣ ಹೊರಗಿಟ್ಟರೆ ಸಾಕು, ಬೆವರಿದ ಹಾಗೆ ಒದ್ದೆಯಾಗುತ್ತದೆ. ಆ ದಿನಗಳಲ್ಲಿ ಮಾಡುವುದಾದರೆ ಹಬ್ಬು, ಸ್ಪ್ರಾಕೆಟ್, ರಿಂಗ್ ಮೂರನ್ನೂ ಒಲೆಯ ಹತ್ತಿರ ಇಟ್ಟು ಒಣಗಿಸಿ, ಬೆಚ್ಚಗಾಗುವಷ್ಟು ಮಾತ್ರ. ಒಂದು ಎಚ್ಚರಿಕೆ, ಥಿನ್ನರ್ ಬಳಸಿದ ಮೇಲೆ ಅದು ಪೂರ್ತಿ ಆರಿದ ನಂತರವೇ ಬೆಂಕಿಯ ಹತ್ತಿರ ತನ್ನಿ. ಕ್ಲೀನ್ ಮಾಡಿದಾಗ ಥ್ರೆಡ್ ಸವೆದು ಚಪ್ಪಟೆಯಾದದ್ದು ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಹಬ್ಬು ಬದಲಿಸಿ. ಹೋದ ಥ್ರೆಡ್ಡನ್ನು ಅಂಟು ಕಟ್ಟಿಕೊಡುವುದಿಲ್ಲ.

ಜಾಸ್ತಿ ಜನ ಗಮನಿಸದ ವಿಷಯ ಈಗ ಬರುತ್ತದೆ. 60 ಕೆಜಿ ತೂಕದವರು ಏರಿನಲ್ಲಿ ಎದ್ದು ನಿಂತು ಒಂದೇ ಪೆಡಲ್ ಮೇಲೆ ಭಾರ ಬಿಟ್ಟರೆ, ಕ್ರ್ಯಾಂಕ್ (ಪೆಡಲ್ ಕೂರುವ ತೋಳು) 170 ಮಿ.ಮೀ. ಅಂತ ಇಟ್ಟುಕೊಳ್ಳಿ, ಅಲ್ಲಿ 100 ನ್ಯೂಟನ್ ಮೀಟರ್ ತಿರುಗಿಸುವ ಬಲ ಬರುತ್ತದೆ. ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದರೆ ಸ್ಪ್ರಾಕೆಟ್ ಹತ್ತಿರ ಅದು ಸುಮಾರು 41. ನೀವು ಕೈಯಲ್ಲಿ ಅದಕ್ಕಿಂತ ಕಮ್ಮಿ ಬಿಗಿ ಮಾಡಿ, ಅಂಟು ಗಟ್ಟಿಯಾಗಲು ಬಿಟ್ಟು, ಮರುದಿನ ಏರು ಹತ್ತಿದರೆ ಏನಾಗುತ್ತದೆ? ಸ್ಪ್ರಾಕೆಟ್ ಇನ್ನೂ ಸ್ವಲ್ಪ ಮುಂದಕ್ಕೆ ತಿರುಗಬಹುದು. ತಿರುಗಿದರೆ ಗಟ್ಟಿಯಾದ ಅಂಟು ಒಳಗೇ ಹರಿದು ಹೋಯಿತು. ಹೊರಗಿನಿಂದ ಏನೂ ಕಾಣುವುದಿಲ್ಲ. ಲಾಕ್‌ಟೈಟ್ ಹಾಕಿದ್ದೇನೆ ಅನ್ನೋ ಧೈರ್ಯದಲ್ಲಿ ಇಳಿಜಾರಿಗೆ ಹೋಗುತ್ತೀರಿ, ಅಲ್ವಾ? ಅಪಾಯ ಇರುವುದು ಅಲ್ಲೇ.

ಅದಕ್ಕೆ ಅಂಟು ಹಸಿ ಇರುವಾಗಲೇ ಪೂರ್ತಿ ಬಿಗಿ ಮಾಡಬೇಕು. ಒಂದು ದಪ್ಪ ಕಬ್ಬಿಣದ ಪಟ್ಟಿಯ ತುದಿಗೆ ಹಳೆಯ ಚೈನ್ ತುಂಡು ಕೂರಿಸಿ ಹಿಡಿಕೆ ಮಾಡಿಕೊಳ್ಳಿ. ಹಬ್ಬಿನ ಮಧ್ಯದಿಂದ 40 ಸೆಂ.ಮೀ. ದೂರದಲ್ಲಿ 10 ಕೆಜಿ ಬಲ ಹಾಕಿದರೆ ಸುಮಾರು 40 ನ್ಯೂಟನ್ ಮೀಟರ್ ಆಗುತ್ತದೆ. ಅಷ್ಟು ಸಾಲದು, 15 ಕೆಜಿ ಬಲ ಹಾಕಿ. ಚಕ್ರವನ್ನು ಇನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಳ್ಳಲಿ. ಒಂದು ಸಲ ಅಂಟಿಲ್ಲದೆ ಪೂರ್ತಿ ಬಿಗಿ ಮಾಡಿ, ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ಗುರುತು ಮಾಡಿ, ಬಿಚ್ಚಿ, ಆಮೇಲೆ ಅಂಟು ಹಾಕುವುದು ಒಳ್ಳೆಯದು. ಎರಡನೇ ಸಲ ಆ ಗುರುತಿಗಾದರೂ ಬರಬೇಕು.

ಅಂಟು ಹಾಕುವುದು ಕೆಲವೇ ಹನಿ. ಹಬ್ಬಿನ ಥ್ರೆಡ್ ಸುತ್ತ ಒಂದು ಗೆರೆ ಬಂದರೆ ಸಾಕು. ಚಕ್ರವನ್ನು ಸ್ಪ್ರಾಕೆಟ್ ಬದಿ ಕೆಳಗೆ ಮಾಡಿ ಹಿಡಿದರೆ ಜಾಸ್ತಿಯಾದದ್ದು ಹೊರಗೆ ಇಳಿಯುತ್ತದೆ, ಬೇರಿಂಗ್ ಕಡೆ ಹರಿಯುವುದಿಲ್ಲ. ಬೇರಿಂಗಿಗೆ ಹೋದರೆ ಹಬ್ಬು ಜಾಮ್. ಕೈಗೆ ತಾಗದಂತೆ ನೋಡಿಕೊಳ್ಳಿ, ಕೆಲವರ ಚರ್ಮಕ್ಕೆ ಆಗುವುದಿಲ್ಲ. ಸ್ಪ್ರಾಕೆಟ್ ಬಿಗಿ ಮಾಡಿದ ಕೂಡಲೇ ರಿಂಗಿಗೂ ಹಚ್ಚಿ ಅದನ್ನೂ ಬಿಗಿ ಮಾಡಿ. ಅರ್ಧ ಗಂಟೆಯಲ್ಲಿ ಹಿಡಿದ ಹಾಗೆ ಅನ್ನಿಸುತ್ತದೆ, ನಂಬಬೇಡಿ. ಪೂರ್ತಿ ಬಲ ಬರಲು 24 ಗಂಟೆ ಬೇಕು, ಚಳಿ ಇದ್ದರೆ ಇನ್ನೂ ಜಾಸ್ತಿ. ನಾನಾದರೆ ಮಳೆಗಾಲದಲ್ಲಿ ಎರಡು ದಿನ ಬಿಡುತ್ತೇನೆ. ಆ ನಡುವೆ ಪರೀಕ್ಷೆ ಮಾಡಲು ಅಂತ ಅಲ್ಲಾಡಿಸಬೇಡಿ.

ಆಮೇಲೆ ಹಬ್ಬು, ಸ್ಪ್ರಾಕೆಟ್, ರಿಂಗ್ ಮೂರರ ಮೇಲೂ ಹಾದು ಹೋಗುವ ಹಾಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಪ್ರತಿ ಸಲ ಹೊರಡುವ ಮುಂಚೆ ಆ ಗೆರೆ ನೋಡಿ. ಒಂದು ಕೂದಲಷ್ಟು ಮುರಿದಿದ್ದರೂ ಅಂಟು ಬಿಟ್ಟಿದೆ ಅಂತಲೇ ಲೆಕ್ಕ. ಬರೀ ಮೇಲಿಂದ ಬಿಗಿ ಮಾಡಿದರೆ ಆಗಲ್ಲ, ಬಿಚ್ಚಿ ಹಳೆಯ ಅಂಟಿನ ಪುಡಿ ಪೂರ್ತಿ ತೆಗೆದು ಮೊದಲಿನಿಂದ ಮಾಡಬೇಕು.

ಇಷ್ಟೆಲ್ಲ ಮಾಡುವ ಮುಂಚೆ ಒಂದು ನೋಡಿ. ಹಿಂದಕ್ಕೆ ತಡೆದಾಗ ಟಕ್ ಅಂತ ಆಡುವುದು ನಿಜವಾಗಿ ಸ್ಪ್ರಾಕೆಟ್ಟೇನಾ? ಹಳೆಯ ಸೈಕಲ್‌ಗಳ ಕ್ರ್ಯಾಂಕ್ ಕಾಟರ್ ಪಿನ್ ಮೇಲೆ, ಅಂದರೆ ಅದನ್ನು ಆಕ್ಸಲ್ಲಿಗೆ ಬಿಗಿಯುವ ಬೆಣೆಯಂಥ ಪಿನ್ ಮೇಲೆ ನಿಂತಿರುತ್ತದೆ. ಫ್ರೀವೀಲ್ ಇದ್ದಾಗ ಅದಕ್ಕೆ ಹಿಂದಕ್ಕೆ ತಳ್ಳುವ ಬಲ ಹೆಚ್ಚೇನೂ ಬೀಳುತ್ತಿರಲಿಲ್ಲ, ಫಿಕ್ಸೆಡ್ ಆದ ಮೇಲೆ ಎರಡೂ ಕಡೆ ಗುದ್ದಾಟ. ಸವೆದ ಪಿನ್ ಇದ್ದರೆ ಥೇಟ್ ಸ್ಪ್ರಾಕೆಟ್ ಸಡಿಲ ಆದ ಹಾಗೇ ಅನ್ನಿಸುತ್ತದೆ. ಹಿಂದಿನ ಚಕ್ರ ಗಟ್ಟಿಯಾಗಿ ಹಿಡಿದು ಪೆಡಲ್ ಹಿಂದೆ ಮುಂದೆ ಆಡಿಸಿ, ಯಾವುದು ಅಲುಗುತ್ತದೆ ಅಂತ ಕಣ್ಣಿಗೇ ಕಾಣುತ್ತದೆ.

ವೆಲ್ಡಿಂಗ್ ಬಗ್ಗೆ. ಫ್ರೀವೀಲ್ ಒಳಗಿನ ಭಾಗ ವೆಲ್ಡ್ ಮಾಡಿ ಫಿಕ್ಸೆಡ್ ಮಾಡಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಅದರಿಂದ ಥ್ರೆಡ್ ಸಮಸ್ಯೆ ಹೋಗುವುದೇ ಇಲ್ಲ, ವೆಲ್ಡ್ ಆದ ಫ್ರೀವೀಲ್ ಕೂಡ ಅದೇ ಥ್ರೆಡ್ಡಿನಿಂದ ಹಾಗೇ ಬಿಚ್ಚಿಕೊಳ್ಳುತ್ತದೆ. ಸ್ಪ್ರಾಕೆಟ್ಟನ್ನೇ ಹಬ್ಬಿಗೆ ವೆಲ್ಡ್ ಮಾಡಿದರೆ ಬಿಚ್ಚಿಕೊಳ್ಳುವುದಿಲ್ಲ ನಿಜ, ಆದರೆ ಕಾವಿಗೆ ಬೇರಿಂಗ್ ಕಪ್ ಹದ ತಪ್ಪಬಹುದು, ಆ ಕಡೆಯ ಒಂದು ಕಡ್ಡಿ ತುಂಡಾದರೆ ಬದಲಿಸಲು ಪರದಾಡಬೇಕು, ಹಲ್ಲು ಸವೆದ ದಿನ ಹಬ್ಬನ್ನೇ ಎಸೆಯಬೇಕು. ಆ ದುಡ್ಡಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಲೇತ್ ಇರುವವರ ಹತ್ತಿರ ಹಬ್ಬಿಗೆ ಆ ಎರಡನೇ ಮೆಟ್ಟಿಲಿನ ಎಡಗೈ ಥ್ರೆಡ್ ಹಾಕಿಕೊಡುತ್ತಾರಾ ಅಂತ ವಿಚಾರಿಸಿ, ಇಲ್ಲವೇ ಟ್ರ್ಯಾಕ್ ಹಬ್ಬನ್ನೇ ತರಿಸಿ ಚಕ್ರ ಕಟ್ಟಿಸಿ. ದಿನಾ ಓಡಿಸುವುದಾದರೆ ಟ್ರ್ಯಾಕ್ ಹಬ್ಬೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ.

ಕೊನೆಗೆ ಬ್ರೇಕ್. ಕ್ರೋಮ್ ರಿಮ್ ಒದ್ದೆಯಾದರೆ ಬ್ರೇಕ್ ರಬ್ಬರ್ ಹಿಡಿಯುವುದು ಬಹಳ ಕಮ್ಮಿಯಾಗುತ್ತದೆ, ನಮ್ಮ ಮಳೆಯಲ್ಲಿ ಸೈಕಲ್ ಹೊಡೆದವರಿಗೆ ಇದು ಗೊತ್ತು. ಅದೇ ಕಾರಣಕ್ಕೆ ಕೆಲವರು ಫಿಕ್ಸೆಡ್ ಇದ್ದರೆ ಕಾಲಿನಲ್ಲೇ ನಿಲ್ಲಿಸಬಹುದು ಅಂದುಕೊಳ್ಳುತ್ತಾರೆ. ಆದರೆ ಚೈನ್ ತುಂಡಾದರೆ, ಕಳಚಿದರೆ, ಅಥವಾ ಸ್ಪ್ರಾಕೆಟ್ ಬಿಚ್ಚಿಕೊಂಡರೆ ಕಾಲು ಏನೂ ಮಾಡಲಾರದು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಯಾವುದಾದರೊಂದರಲ್ಲಿ ಹಾಗಾದರೆ ಎದುರಿಗೆ ಬಸ್ಸು, ಪಕ್ಕಕ್ಕೆ ಕಣಿವೆ. ಲಾಕ್ ರಿಂಗ್ ಇಲ್ಲದ, ಬರೀ ಅಂಟಿನ ಸ್ಪ್ರಾಕೆಟ್ ಇಟ್ಟುಕೊಂಡು ಆಗುಂಬೆಯೋ ಹುಲಿಕಲ್ಲೋ ದಯವಿಟ್ಟು ಇಳಿಯಬೇಡಿ. ಮುಂದಿನ ಚಕ್ರಕ್ಕಾದರೂ ಅಲ್ಯೂಮಿನಿಯಂ ರಿಮ್ ಮತ್ತು ಒಳ್ಳೆ ಕ್ಯಾಲಿಪರ್ ಬ್ರೇಕ್ ಹಾಕಿಸಿ, ಆಗ ಒದ್ದೆಯಲ್ಲೂ ಹಿಡಿಯುತ್ತದೆ.

ಈಗಿರುವ ಹಬ್ಬಿನ ಥ್ರೆಡ್ ಒರೆಸಿ ಒಂದು ಹತ್ತಿರದ ಫೋಟೋ ಹಾಕಿ. ಸ್ಪ್ರಾಕೆಟ್ ದಪ್ಪ ಎಷ್ಟು ಅಂತಲೂ ಅಳೆದು ಬರೆಯಿರಿ. ರಿಂಗಿಗೆ ಜಾಗ ಉಳಿಯುತ್ತದಾ ಇಲ್ವಾ ನೋಡಿ ಹೇಳುತ್ತೇನೆ, ಅದಕ್ಕೆ ಮುಂಚೆ ಅಂಟು ತರಲು ಹೋಗಬೇಡಿ.