ಕಲಬುರಗಿಯ ಮನೆಯಿಂದಲೇ ವಾಚ್‌ಟವರ್ ನೋಡ್ ನಡೆಸಬಹುದಾ? ಆಪರೇಟರ್ ಆಗಿ ರಿಜಿಸ್ಟರ್ ಆಗೋದು ಹೇಗೆ?

ಮನೆಯಲ್ಲೇ ಒಂದು ಕಂಪ್ಯೂಟರ್ ಇಟ್ಟು ಬ್ಲಾಕ್‌ಚೈನ್ (ಹಲವು ಕಂಪ್ಯೂಟರ್‌ಗಳು ಒಟ್ಟಿಗೆ ಇಟ್ಟುಕೊಳ್ಳುವ ಲೆಕ್ಕದ ಪುಸ್ತಕ) ಕಾಯುವ ವಾಚ್‌ಟವರ್ ನೋಡ್, ಅಂದರೆ ಆ ಜಾಲಕ್ಕೆ ಸೇರಿದ ಕಾವಲು ಯಂತ್ರ, ಹಾಕಬಹುದಾ, ಆಪರೇಟರ್ (ಅಂಥ ನೋಡ್ ನಡೆಸುವವರು) ಆಗಲು ಮೊದಲು ಏನು ಮಾಡಬೇಕು ಎಂದು ಕೇಳಿದ್ದೀರಿ. ಹಾಕಬಹುದು. ನಾನು ಜೇವರ್ಗಿ ರಸ್ತೆ ಕಡೆಯ ನಮ್ಮ ಮನೆಯಿಂದಲೇ ನಡೆಸುತ್ತಿದ್ದೇನೆ. ಆದರೆ ರಿಜಿಸ್ಟರ್ ಆಗುವುದನ್ನು ಕೊನೆಗೆ ಇಟ್ಟುಕೊಳ್ಳಿ. ನೋಡ್ ಒಂದು ತಿಂಗಳು ನಿಲ್ಲದೆ ಓಡಲಿ, ಆಮೇಲೆ ಹೆಸರು ಬರೆಸಿ.

ಯಾಕೆ ಅಂದರೆ, ಈ ನೋಡ್‌ನ ಕೆಲಸವೇ ಕಾವಲು. ಜೋಳ ತೆನೆ ಕಟ್ಟಿದಾಗ ಹೊಲದಲ್ಲಿ ಅಟ್ಟ ಹಾಕಿ, ಕವಣೆ ಹಿಡಿದು ಹಕ್ಕಿ ಕಾಯುತ್ತಾರಲ್ಲ, ಹಾಗೆ. ಎಥೀರಿಯಂ ಒಂದು ದೊಡ್ಡ ಬ್ಲಾಕ್‌ಚೈನ್; ಆಪ್ಟಿಮಿಸ್ಟಿಕ್ ರೋಲಪ್‌ಗಳು ಅದರ ಹೊರೆ ಇಳಿಸಲು ಅದರ ಮೇಲೆ ಕಟ್ಟಿದ ಜಾಲಗಳು. ಅವು ವ್ಯವಹಾರವನ್ನು ತಮ್ಮಲ್ಲೇ ಮುಗಿಸಿ, ಅದರ ವಿವರ ಮತ್ತು ಫಲಿತಾಂಶವನ್ನು ಎಥೀರಿಯಂ ಮೇಲೆ ಬರೆಯುತ್ತವೆ. ಯಾರೂ ತಕರಾರು ತೆಗೆಯದಿದ್ದರೆ ಅದೇ ಸರಿ ಎಂದು ಲೆಕ್ಕ. ತಕರಾರಿಗೆ ಸಾಮಾನ್ಯವಾಗಿ 7 ದಿನದ ಸಮಯ ಇರುತ್ತದೆ. ವಾಚ್‌ಟವರ್ ಆ ಲೆಕ್ಕವನ್ನು ತಾನೇ ಇನ್ನೊಮ್ಮೆ ಮಾಡಿ, ಬರೆದದ್ದಕ್ಕೆ ಹೋಲಿಸಿ ನೋಡುತ್ತದೆ. ತಾಳೆ ಆಗದಿದ್ದರೆ ಕೂಗು ಹಾಕುತ್ತದೆ. ಅಟ್ಟದ ಮೇಲಿದ್ದವನು ನಿದ್ದೆ ಹೋದರೆ ತೆನೆ ಹಕ್ಕಿ ಪಾಲು, ಅಲ್ವಾ?

ಇಲ್ಲೇ ಜಾಸ್ತಿ ಜನ ತಪ್ಪು ಮಾಡುತ್ತಾರೆ. ನೋಡ್‌ನ ಸೆಟ್ಟಿಂಗ್ಸ್ ಫೈಲ್ ಎರಡು ಆರ್‌ಪಿಸಿ ವಿಳಾಸ (ಬ್ಲಾಕ್‌ಚೈನ್‌ನ ಮಾಹಿತಿ ಕೇಳಿ ಪಡೆಯುವ ವಿಳಾಸ) ಕೇಳುತ್ತದೆ. ಒಂದು ಎಥೀರಿಯಂದು, ಇನ್ನೊಂದು ರೋಲಪ್‌ದು. ಎರಡಕ್ಕೂ ಯಾರದೋ ಪುಕ್ಕಟೆ ಆರ್‌ಪಿಸಿ ಹಾಕಿದರೂ ಪರದೆಯ ಮೇಲೆ ಹಸಿರು ಬಣ್ಣವೇ ಕಾಣುತ್ತದೆ. ಆದರೆ ಆಗ ನೀವು ಏನನ್ನೂ ಪರೀಕ್ಷೆ ಮಾಡಿರುವುದಿಲ್ಲ, ಅವರು ಹೇಳಿದ್ದನ್ನು ನಂಬಿರುತ್ತೀರಿ ಅಷ್ಟೇ. ಕಲಿಯುವಾಗ ಪರವಾಗಿಲ್ಲ. ರಿಜಿಸ್ಟರ್ ಆಗುವ ಹೊತ್ತಿಗೆ ಈ ಎರಡಕ್ಕೂ ಸ್ವಂತ ನೋಡ್ ಇರಲೇಬೇಕು ಎಂಬುದು ನನ್ನ ಹಟ.

ಎಥೀರಿಯಂ ಮುಖ್ಯ ನೆಟ್‌ವರ್ಕ್‌ನ ಫುಲ್ ನೋಡ್‌ಗೆ (ಲೆಕ್ಕವನ್ನೆಲ್ಲ ತಾನೇ ಪರೀಕ್ಷಿಸುವ ನೋಡ್) 2 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ವೇಗದ ಡಿಸ್ಕ್), 32 ಜಿಬಿ ರ‍್ಯಾಮ್ ಇದ್ದರೆ ಆರಾಮ. ರೋಲಪ್‌ನ ನೋಡ್ ಕೂಡ ಅದೇ ಮಷಿನ್‌ನಲ್ಲಿ ಬೇಕಾದರೆ 4 ಟಿಬಿ ತೆಗೆದುಕೊಳ್ಳಿ. ಡಿ-ರ‍್ಯಾಮ್ (ಡಿಸ್ಕ್‌ನೊಳಗಿನ ವೇಗದ ಮೆಮೊರಿ) ಇಲ್ಲದ ಅಗ್ಗದ ಎಸ್‌ಎಸ್‌ಡಿ ಬೇಡ, ಸಿಂಕ್ (ಹಳೆಯ ಲೆಕ್ಕ ಇಳಿಸಿಕೊಂಡು ಈಗಿನದಕ್ಕೆ ಸಮ ಆಗುವುದು) ಮುಗಿಸಲು ಅದು ಒದ್ದಾಡಬಹುದು. ಗೆತ್ ಎಂಬ ಎಥೀರಿಯಂ ಪ್ರೋಗ್ರಾಂ ಒಂದನ್ನೇ ಹಾಕಿ ಯಾಕೆ ಮುಂದೆ ಹೋಗ್ತಿಲ್ಲ ಎಂದು ಕಾಯುತ್ತಾ ಕೂರಬೇಡಿ. 2022ರ ಸೆಪ್ಟೆಂಬರ್‌ನ ಮರ್ಜ್ ಎಂಬ ದೊಡ್ಡ ಬದಲಾವಣೆ ಆದಮೇಲೆ ಎರಡು ಪ್ರೋಗ್ರಾಂ ಜೋಡಿಯಾಗಿ ಓಡಬೇಕು: ವ್ಯವಹಾರದ ಲೆಕ್ಕ ಮಾಡಲು ಗೆತ್ ಅಥವಾ ನೆದರ್‌ಮೈಂಡ್ ಒಂದು ಕಡೆ, ಉಳಿದ ನೋಡ್‌ಗಳ ಜೊತೆ ಒಮ್ಮತಕ್ಕೆ ಬರಲು ಲೈಟ್‌ಹೌಸ್ ಅಥವಾ ನಿಂಬಸ್ ಇನ್ನೊಂದು ಕಡೆ. ಆರ್‌ಪಿಸಿಗೆ ಬಳಸುವ 8545 ಪೋರ್ಟನ್ನು (ನೆಟ್‌ವರ್ಕ್ ಬಾಗಿಲು) ಹೊರಗಿನ ಇಂಟರ್ನೆಟ್‌ಗೆ ತೆರೆಯಬೇಡಿ.

ಈಗ ನಮ್ಮೂರಿನ ವಿಷಯ. ಇಲ್ಲಿ ಸಾಫ್ಟ್‌ವೇರ್‌ಗಿಂತ ಬಿಸಿಲೇ ದೊಡ್ಡ ತೊಂದರೆ. ಮೊದಲ ವರ್ಷ ನಾನು ಮಷಿನ್ ಅನ್ನು ಮಾಳಿಗೆ ಮೇಲಿನ ತಗಡಿನ ಕೋಣೆಯಲ್ಲಿ ಇಟ್ಟಿದ್ದೆ. ಮೇ ತಿಂಗಳ ಮಧ್ಯಾಹ್ನ ಎಸ್‌ಎಸ್‌ಡಿ ಕಾದು ತಾನೇ ವೇಗ ಇಳಿಸಿಕೊಳ್ಳುತ್ತಿತ್ತು. ಎಥೀರಿಯಂನಲ್ಲಿ 12 ಸೆಕೆಂಡಿಗೊಂದು ಸ್ಲಾಟ್, ಅಂದರೆ ಹೊಸ ಬ್ಲಾಕ್ (ವ್ಯವಹಾರಗಳ ಕಂತೆ) ಬರುವ ಸರದಿ. ನನ್ನ ನೋಡ್ ದಿನಾ ಮಧ್ಯಾಹ್ನ ಹಿಂದೆ ಬಿದ್ದು, ರಾತ್ರಿ ತಂಪಾದ ಮೇಲೆ ಸಮ ಆಗುತ್ತಿತ್ತು. ವಾರಗಟ್ಟಲೆ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕಿದೆ. ಕೊನೆಗೆ ಕೆಳಗಿನ ಮನೆಗೆ ತಂದು, ಶಹಾಬಾದ್ ಕಲ್ಲಿನ ನೆಲದ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಟ್ಟೆ. ಎಸ್‌ಎಸ್‌ಡಿಗೆ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಹಾಕಿದೆ. ಆಮೇಲೆ ಆ ಕಾಟ ಇಲ್ಲ.

ಕರೆಂಟ್ ಹೋಗೇ ಹೋಗುತ್ತದೆ. ಇನ್ವರ್ಟರ್ ಇದ್ದರೆ ಅದನ್ನು ಯುಪಿಎಸ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಬದಲಾಗುವ ಆ ಕ್ಷಣದಲ್ಲೇ ಮಷಿನ್ ಆಫ್ ಆಗಬಹುದು. ರೌಟರ್ ಮತ್ತು ಫೈಬರ್ ಡಬ್ಬಿಯನ್ನೂ ಅದೇ ಲೈನಿಗೆ ಕೊಡಿ. ಇದನ್ನು ಎಲ್ಲರೂ ಮರೆಯುತ್ತಾರೆ.

ನೋಡ್‌ನ ಸ್ಥಿತಿ ಗಮನಿಸುವ ಪ್ರೊಮಿಥಿಯಸ್, ಗ್ರಫಾನಾ ಎಂಬ ಪ್ರೋಗ್ರಾಂಗಳನ್ನು ಹಾಕಿ ಟೆಲಿಗ್ರಾಂಗೆ ಅಲರ್ಟ್ ಬರುವ ಹಾಗೆ ಮಾಡಿಕೊಳ್ಳಿ. ಆದರೆ ಅವು ನೋಡ್ ಇರುವ ಮಷಿನ್‌ನಲ್ಲೇ ಇದ್ದರೆ, ಮಷಿನ್ ಸತ್ತಾಗ ಅಲರ್ಟ್ ಕೂಡ ಸಾಯುತ್ತದೆ. ಒಂದು ಮದುವೆಗೆಂದು ಬೀದರ್‌ಗೆ ಹೋದಾಗ ನನಗೆ ಇದೇ ಆಯಿತು. ಎರಡು ದಿನ ಫೋನ್ ಸುಮ್ನಿತ್ತು, ಎಲ್ಲಾ ಸರಿ ಇದೆ ಅಂದುಕೊಂಡೆ. ಮನೆಗೆ ಬಂದು ನೋಡಿದರೆ ನೋಡ್ ನಿಂತು ಒಂದೂವರೆ ದಿನ ಆಗಿತ್ತು. ಈಗ ಮನೆಯ ಮಷಿನ್ 5 ನಿಮಿಷಕ್ಕೊಮ್ಮೆ ಹೊರಗಿನ ಒಂದು ಸಣ್ಣ ಸರ್ವರ್‌ಗೆ 'ಇದ್ದೀನಿ' ಎನ್ನುತ್ತದೆ. ಆ ದನಿ ನಿಂತರೆ ಆ ಸರ್ವರ್ ನನ್ನನ್ನು ಎಬ್ಬಿಸುತ್ತದೆ.

ಇನ್ನು ರಿಜಿಸ್ಟರ್ ಆಗುವುದು. ಐಗನ್‌ಲೇಯರ್ (ಎಥೀರಿಯಂನ ಹಣವಾದ ಈಥರ್‌ನಂಥವನ್ನು ಒತ್ತೆ ಇಟ್ಟು ಬೇರೆ ಸೇವೆಗಳಿಗೆ ಭದ್ರತೆ ಕೊಡುವ ವ್ಯವಸ್ಥೆ) ಮೇಲೆ ನಡೆಯುವ ಸೇವೆಯಾದರೆ ಎರಡು ಹಂತ. ಮೊದಲು ಅವರ ಸಿಎಲ್‌ಐನಲ್ಲಿ (ಆಜ್ಞೆ ಟೈಪ್ ಮಾಡಿ ನಡೆಸುವ ಪ್ರೋಗ್ರಾಂ) ಕೀ (ನಿಮ್ಮ ಸಹಿಯ ಕೆಲಸ ಮಾಡುವ ಗುಟ್ಟಿನ ಸಂಖ್ಯೆ) ಮಾಡಿಕೊಂಡು ಆಪರೇಟರ್ ಆಗಬೇಕು. ನಿಮ್ಮ ಹೆಸರು, ವಿವರ, ಲೋಗೋ ಇರುವ ಒಂದು ಜೇಸನ್ ಫೈಲ್ (ಮಾಹಿತಿ ಬರೆದಿಡುವ ಪಠ್ಯ ಫೈಲ್) ಎಲ್ಲರಿಗೂ ಸಿಗುವ ಲಿಂಕ್‌ನಲ್ಲಿ ಇರಬೇಕು. ಲೋಗೋ ಪಿಎನ್‌ಜಿ ಆಗಿರಲಿ. ಆಮೇಲೆ ಯಾವ ಸೇವೆಯನ್ನು ಕಾಯುತ್ತೀರೋ ಅದಕ್ಕೆ ಬೇರೆಯಾಗಿ ಸೇರಬೇಕು. ಎರಡಕ್ಕೂ ಗ್ಯಾಸ್ (ಎಥೀರಿಯಂನ ವ್ಯವಹಾರ ಶುಲ್ಕ) ಖರ್ಚಾಗುತ್ತದೆ.

ಆಪರೇಟರ್ ಕೀ ಬೇರೆ, ನೋಡ್‌ನ ಕೀ ಬೇರೆ ಇರಲಿ. ನೋಡ್ ಹಗಲು ರಾತ್ರಿ ಇಂಟರ್ನೆಟ್‌ನಲ್ಲಿರುತ್ತದೆ, ಅದರ ಕೀ ಕಳುವಾದರೆ ಬದಲಿಸಬಹುದು. ಆಪರೇಟರ್ ಕೀ ಹೋದರೆ ನಿಮ್ಮ ಹೆಸರೇ ಹೋದಂತೆ. ಅದನ್ನು ಕಾಗದದ ಮೇಲೆ ಬರೆದು ತಿಜೋರಿಯಲ್ಲಿಡಿ, ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳುವುದು ಬೇಡ. 2025ರ ಏಪ್ರಿಲ್‌ನಿಂದ ಐಗನ್‌ಲೇಯರ್‌ನಲ್ಲಿ ಸ್ಲ್ಯಾಶಿಂಗ್ ಜಾರಿಯಲ್ಲಿದೆ. ಸೇವೆಯ ನಿಯಮ ಮುರಿದರೆ ಆಪರೇಟರ್‌ಗೆ ನಂಬಿ ಕೊಟ್ಟವರ ಹಣವೂ ಕಡಿತವಾಗಬಹುದು. ಅದಕ್ಕೇ ಆತುರ ಬೇಡ ಎಂದು ಇಷ್ಟು ಒತ್ತಿ ಹೇಳುತ್ತಿರುವುದು.

ದುಡ್ಡಿನ ಬಗ್ಗೆ: ಪ್ರತಿಫಲವಾಗಿ ಬಂದ ಟೋಕನ್ (ಕ್ರಿಪ್ಟೊ ನಾಣ್ಯ) ಮಾರಿದರೆ ಲಾಭದ ಮೇಲೆ 30% ತೆರಿಗೆ, ಮಾರಿದ ಮೊತ್ತದ ಮೇಲೆ 1% ಟಿಡಿಎಸ್. ಕರೆಂಟ್ ಬಿಲ್ ಕೂಡ ಲೆಕ್ಕ ಹಾಕಿಕೊಳ್ಳಿ.

ಮೊದಲು ಎಥೀರಿಯಂನ 'ಹೂಡಿ' ಎಂಬ ಟೆಸ್ಟ್‌ನೆಟ್‌ನಲ್ಲಿ (ಪರೀಕ್ಷೆಗೆಂದೇ ಇರುವ ಜಾಲ) ನೋಡ್ ಹಾಕಿ. 2025ರ ಮಾರ್ಚ್‌ನಲ್ಲಿ ಶುರುವಾಯಿತು, ಹೆಸರು ನಮ್ಮ ಬೆಂಗಳೂರಿನ ಹೂಡಿ ಬಡಾವಣೆಯದೇ. ನನಗೆ ಅದು ಬಹಳ ಖುಷಿ ಕೊಟ್ಟಿತು. ಅಲ್ಲಿನ ಈಥರ್‌ಗೆ ಬೆಲೆ ಇಲ್ಲ, ಫಾಸೆಟ್‌ನಲ್ಲಿ (ಪರೀಕ್ಷೆಗೆ ಈಥರ್ ಹಂಚುವ ಜಾಲತಾಣ) ಪುಕ್ಕಟೆ ಸಿಗುತ್ತದೆ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಲಾಗ್‌ನ (ನೋಡ್ ಬರೆಯುವ ದಿನಚರಿ) ಕೊನೆಯ 50 ಸಾಲು ಇಲ್ಲಿ ಹಾಕಿ, ನೋಡುತ್ತೇನೆ. ಹಾಕುವ ಮೊದಲು ಅದರಲ್ಲಿ ಕೀ, ಪಾಸ್‌ವರ್ಡ್ ಇದ್ದರೆ ಅಳಿಸಿಬಿಡಿ.