ಕೊಡಗಿನ ರಸ್ತೆಗೆ ನಿಂಜಾ 650, ಸಿಬಿಆರ್650ಆರ್, ಡೇಟೋನಾ 660: ಯಾವುದು ಮೈಗೆ ಒಗ್ಗುತ್ತದೆ?

ನಿಮ್ಮ ಪ್ರಶ್ನೆ ನಾನು ಅರ್ಥ ಮಾಡಿಕೊಂಡಂತೆ ಹೀಗೆ: ಎತ್ತರ ಐದಡಿ ಆರಿಂಚು. ಕೆಲಸ ಬೆಂಗಳೂರಲ್ಲಿ, ಮನೆ ವಿರಾಜಪೇಟೆ ಹತ್ತಿರ ತೋಟದೊಳಗೆ. ತಿಂಗಳಿಗೊಮ್ಮೆಯಾದರೂ ಬೈಕಲ್ಲೇ ಊರಿಗೆ ಬರಬೇಕು, ಕೆಲವೊಮ್ಮೆ ಹೆಂಡತಿಯೂ ಜೊತೆಗಿರುತ್ತಾರೆ. ಕವಾಸಾಕಿ ನಿಂಜಾ 650, ಹೋಂಡಾ ಸಿಬಿಆರ್650ಆರ್, ಟ್ರಯಂಫ್ ಡೇಟೋನಾ 660 ಇವುಗಳಲ್ಲಿ ಯಾವುದು? ಅಥವಾ ದುಡ್ಡು ಉಳಿಸಿ ಎಪ್ರಿಲಿಯಾ ಆರ್‌ಎಸ್ 457 ತಗೊಂಡರೆ ಸಾಕೇ?

ಇಬ್ಬರು ಕೂರುವುದಾದರೆ ನಿಂಜಾ 650. ಒಬ್ಬರೇ ಆದರೆ ಆರ್‌ಎಸ್ 457. ನಾನು ಸುಂಟಿಕೊಪ್ಪ ಕಡೆಯವನು, ಓಡಿಸುವುದೂ ನಿಂಜಾವನ್ನೇ. ಹಾಗಾಗಿ ನನ್ನ ಮಾತಲ್ಲಿ ಸ್ವಲ್ಪ ಪಕ್ಷಪಾತ ಇರಬಹುದು, ಅಷ್ಟನ್ನು ಕಳೆದು ಓದಿ. ಮಿಕ್ಕ ಮೂರನ್ನೂ ಗೆಳೆಯರ ಹತ್ತಿರ ಇಸ್ಕೊಂಡು ನಮ್ಮ ಘಾಟಿಗಳಲ್ಲೇ ಓಡಿಸಿದ್ದೇನೆ.

ಮೊದಲು ಪವರ್ ವಿಷಯ ಮುಗಿಸಿಬಿಡೋಣ. ನಿಂಜಾ 68 ಪಿಎಸ್ (ಅಶ್ವಶಕ್ತಿಯ ಒಂದು ಅಳತೆ), ಸಿಬಿಆರ್ ಮತ್ತು ಡೇಟೋನಾ ಎರಡೂ 95ರ ಆಸುಪಾಸು, ಆರ್‌ಎಸ್ 457 ನಲವತ್ತೇಳು ಚಿಲ್ಲರೆ. ಕಾಗದದ ಮೇಲೆ ದೊಡ್ಡ ಅಂತರ. ಆದರೆ ಅದನ್ನು ಖರ್ಚು ಮಾಡುವುದೆಲ್ಲಿ? ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಯಾವ ಬೈಕಿಗೂ ಪ್ರವೇಶವಿಲ್ಲ. ಹತ್ತು ಲಕ್ಷದ ಬೈಕಾದರೂ ಸರ್ವಿಸ್ ರಸ್ತೆಯಲ್ಲಿ ಆಟೋ, ಟ್ರ್ಯಾಕ್ಟರ್ ಹಿಂದೆಯೇ ಹೋಗಬೇಕು. ಹುಣಸೂರು ದಾಟಿದ ಮೇಲೆ ಆನೆಚೌಕೂರು, ತಿತಿಮತಿ ಕಾಡಿನ ಹಂಪ್‌ಗಳು. ಗೋಣಿಕೊಪ್ಪದಿಂದ ಮುಂದೆ ಅಂಕುಡೊಂಕು. ನಿಂಜಾದ 68ನ್ನೇ ಪೂರ್ತಿ ಹಿಂಡುವ ಜಾಗ ಈ ದಾರಿಯಲ್ಲಿ ಬೆರಳೆಣಿಕೆ.

ಹಾಗಾದರೆ ನೋಡಬೇಕಾದದ್ದು ಏನು ಅಂದರೆ, ಇಳಿಜಾರಿನಲ್ಲಿ ನಿಮ್ಮ ಮೈಭಾರ ಎಲ್ಲಿಗೆ ಹೋಗುತ್ತದೆ ಅನ್ನುವುದು. ಬೈಕ್ ವಿಮರ್ಶೆ ಮಾಡುವವರು ಹೆಚ್ಚಾಗಿ ಟ್ರ್ಯಾಕಿನಲ್ಲೋ ಹೆದ್ದಾರಿಯಲ್ಲೋ ಓಡಿಸಿ ಬರೆಯುತ್ತಾರೆ. ಅಲ್ಲಿ ಬ್ರೇಕ್ ಹಿಡಿಯುವುದು ಕೆಲವು ಸೆಕೆಂಡ್, ಆಮೇಲೆ ಮತ್ತೆ ಥ್ರಾಟಲ್. ವೇಗ ಇದ್ದಾಗ ಎದೆಗೆ ಬಡಿಯುವ ಗಾಳಿಯೇ ಮೈಯನ್ನು ಒಂದಿಷ್ಟು ಎತ್ತಿ ಹಿಡಿಯುತ್ತದೆ. ಪೆರುಂಬಾಡಿಯಿಂದ ಮಾಕುಟ್ಟಕ್ಕೆ ಇಳಿಯುವಾಗ, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಇದು ಯಾವುದೂ ಇಲ್ಲ. ವೇಗ ಮೂವತ್ತು ನಲವತ್ತು, ಗಾಳಿಯ ಆಸರೆ ಸೊನ್ನೆ, ರಸ್ತೆಯೇ ನಿಮ್ಮನ್ನು ಮುಂದಕ್ಕೆ ದೂಡುತ್ತಿರುತ್ತದೆ, ಪ್ರತಿ ತಿರುವಿನಲ್ಲೂ ಬ್ರೇಕ್. ಹ್ಯಾಂಡಲ್ ತಗ್ಗಿನಲ್ಲಿದ್ದರೆ ಆ ಭಾರವೆಲ್ಲ ಮಣಿಕಟ್ಟಿನ ಮೇಲೆ. ಹಿಂದೆ ಒಬ್ಬರು ಕೂತಿದ್ದರೆ ಅವರ ಭಾರವೂ ನಿಮ್ಮ ಬೆನ್ನ ಮೂಲಕ ಅಲ್ಲಿಗೇ ಇಳಿಯುತ್ತದೆ. ಕೈ ಜೋಮು ಹಿಡಿದರೆ ಬ್ರೇಕ್ ಲಿವರನ್ನು ನಯವಾಗಿ ಒತ್ತಲು ಆಗುವುದಿಲ್ಲ, ಹ್ಯಾಂಡಲನ್ನೂ ಬಿಗಿಯಾಗಿ ಹಿಡಿಯುತ್ತೀರಿ, ಬೈಕ್ ತಿರುಗಲು ಮೊಂಡು ಮಾಡುತ್ತದೆ. ಆಮೇಲೆ ‘ಈ ಬೈಕಿನ ಹ್ಯಾಂಡ್ಲಿಂಗ್ ಸರಿಯಿಲ್ಲ’ ಅಂತ ದೂರುವವರನ್ನು ನೋಡಿದ್ದೇನೆ. ಹ್ಯಾಂಡ್ಲಿಂಗ್ ಬೇರೆ, ಕಂಫರ್ಟ್ ಬೇರೆ ಅನ್ನುವ ವಿಂಗಡಣೆ ನಮ್ಮ ಘಾಟಿಯಲ್ಲಿ ನಿಲ್ಲುವುದಿಲ್ಲ.

ಈ ಲೆಕ್ಕದಲ್ಲಿ ನಿಂಜಾ ಗೆಲ್ಲುತ್ತದೆ. ಮೈಮೇಲೆ ರೇಸ್ ಬೈಕಿನ ಹಾಗೆ ಫೇರಿಂಗ್, ಅಂದರೆ ಗಾಳಿ ತಡೆಯುವ ಹೊದಿಕೆ, ಹೊದ್ದಿದ್ದರೂ ಅದರಲ್ಲಿ ಕೂರುವ ಭಂಗಿ ಸಾದಾ ಬೈಕಿನದು, ಹ್ಯಾಂಡಲ್ ಎತ್ತರಕ್ಕಿದೆ, ಬೆನ್ನು ಹೆಚ್ಚೂಕಮ್ಮಿ ನೆಟ್ಟಗಿರುತ್ತದೆ. ಸಿಬಿಆರ್ ಕಥೆ ಬೇರೆ. ಅದರ ಹಿಂದಿನ ಮಾಡೆಲ್ ಸಿಬಿಆರ್650ಎಫ್ ಆರಾಮದ ಬೈಕು. 2019ರಲ್ಲಿ ಅದನ್ನು ‘ಆರ್’ ಮಾಡುವಾಗ ಹೋಂಡಾ ಹ್ಯಾಂಡಲನ್ನು ಮುಂದಕ್ಕೂ ಕೆಳಕ್ಕೂ ಒಯ್ದಿತು. ನೋಡಲು ಚೆಂದವಾಯಿತು, ಮಣಿಕಟ್ಟಿಗೆ ಕೆಲಸವೂ ಹೆಚ್ಚಾಯಿತು. ಡೇಟೋನಾ ಇವೆರಡರ ನಡುವೆ. ಹೆಸರು ಕೇಳಿ ಹೆದರಬೇಡಿ. 2006ರಲ್ಲಿ ಬಂದ ಡೇಟೋನಾ 675 ಟ್ರ್ಯಾಕಿಗೇ ಹುಟ್ಟಿದ್ದು, ಈಗಿನ 660 ಅದರ ಹೆಸರನ್ನಷ್ಟೇ ಪಡೆದ ಸೌಮ್ಯ ಸ್ವಭಾವದ್ದು. ಆದರೂ ಸಂಪಾಜೆ ಇಳಿದು ಮುಗಿಸುವಷ್ಟರಲ್ಲಿ ನನಗೆ ಹೆಬ್ಬೆರಳ ಬುಡ ನೋಯುತ್ತಿತ್ತು.

ಶೋರೂಮಿನಲ್ಲಿ ಇದು ಗೊತ್ತಾಗುವುದಿಲ್ಲ, ನೆಲ ಸಮತಟ್ಟಾಗಿರುತ್ತದಲ್ಲ. ಟೆಸ್ಟ್ ರೈಡ್ ಕೇಳಿ, ಯಾವುದಾದರೂ ಫ್ಲೈಓವರಿನ ಇಳಿಜಾರನ್ನೋ ಬೇಸ್‌ಮೆಂಟ್ ಪಾರ್ಕಿಂಗಿನ ರ‍್ಯಾಂಪನ್ನೋ ಹುಡುಕಿ ಅಲ್ಲಿ ಇಳಿಸಿ. ಮಂಡಿಗಳಿಂದ ಟ್ಯಾಂಕನ್ನು ಒತ್ತಿ ಹಿಡಿದು ಮೆಲ್ಲಗೆ ಬ್ರೇಕ್ ಹಾಕುತ್ತಾ ಮೊಣಕೈಗಳನ್ನು ಮೇಲೆ ಕೆಳಗೆ ಆಡಿಸಿ. ಸಲೀಸಾಗಿ ಆಡಿದರೆ ಆ ಬೈಕ್ ನಿಮ್ಮ ಮೈಗೆ ಸರಿ. ತೋಳು ಕಂಬದ ಹಾಗೆ ನಿಂತುಬಿಟ್ಟರೆ ಎಷ್ಟೇ ಇಷ್ಟವಾಗಿದ್ದರೂ ಯೋಚಿಸಿ. ಫುಟ್‌ಪೆಗ್, ಅಂದರೆ ಕಾಲಿಡುವ ಗೂಟದ ವಿಷಯದಲ್ಲಿ ನಿಮಗೆ ಚಿಂತೆ ಬೇಡ. ಮಂಡಿ ಮಡಚಿ ಸೊಂಟ ಹಿಡಿಯುವುದು ಆರಡಿ ದಾಟಿದವರ ತಾಪತ್ರಯ.

ಇನ್ನು ಸೀಟಿನ ಎತ್ತರ. ನಿಂಜಾ 790 ಮಿಮೀ, ಆರ್‌ಎಸ್ 457 800, ಸಿಬಿಆರ್ ಮತ್ತು ಡೇಟೋನಾ 810. ಎರಡು ಸೆಂಟಿಮೀಟರಿಗೆ ಏನಾಗುತ್ತದೆ ಅನ್ನಬೇಡಿ, ಹಾಗಂತ ಆ ಅಂಕಿಯನ್ನೇ ನಂಬಲೂಬೇಡಿ. ಸೀಟು ಟ್ಯಾಂಕಿಗೆ ಸೇರುವ ಕಡೆ ಎಷ್ಟು ಅಗಲ ಇದೆ ಅನ್ನುವುದರ ಮೇಲೆ ಕಾಲು ನೆಲ ಮುಟ್ಟುವುದು ನಿಂತಿದೆ. ಅವಳಿ ಸಿಲಿಂಡರಿನ ನಿಂಜಾ ಅಲ್ಲಿ ಸಪೂರ, ನಾಲ್ಕು ಸಿಲಿಂಡರಿನ ಸಿಬಿಆರ್ ದಪ್ಪ. ಇದರ ಜೊತೆ ತೂಕ ಸೇರಿಸಿ ನೋಡಿ: ಆರ್‌ಎಸ್ 175 ಕೆಜಿ, ನಿಂಜಾ 196, ಡೇಟೋನಾ 201, ಸಿಬಿಆರ್ 210ರ ಆಸುಪಾಸು. ಓಡುವಾಗ ಇದು ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬರುವುದು ನಿಮ್ಮ ತೋಟದ ಗೇಟಿನ ಹತ್ತಿರ. ನಮ್ಮಲ್ಲಿ ಮನೆಗಳು ರಸ್ತೆಯ ಮಟ್ಟಕ್ಕೆ ಇರುವುದು ಅಪರೂಪ, ಒಂದೋ ಮೇಲೆ ಇಲ್ಲವೇ ಕೆಳಗೆ. ಜಲ್ಲಿ ಹರಡಿದ ಇಳಿಜಾರಿನಲ್ಲಿ ಇಳಿದು, ಅಂಗಳದಲ್ಲಿ ಕಾಫಿ ಹರಡಿದ್ದಾರೆ ಅಂತ ಅರ್ಧದಲ್ಲೇ ನಿಂತು, ಇನ್ನೂರು ಕೆಜಿಯನ್ನು ಕುಂಡಿ ಸೀಟಿನಲ್ಲಿಟ್ಟುಕೊಂಡೇ ಹಿಂದಕ್ಕೆ ತಳ್ಳಿ ನೋಡಿ, ಆಗ ಗೊತ್ತಾಗುತ್ತದೆ. ಬೈಕ್ ನಿಲ್ಲಿಸುವಾಗ ಯಾವಾಗಲೂ ಮೂತಿ ಏರಿನ ಕಡೆಗಿರಲಿ, ಫಸ್ಟ್ ಗೇರಲ್ಲಿರಲಿ. ಮಳೆಗಾಲದಲ್ಲಿ ಸೈಡ್ ಸ್ಟ್ಯಾಂಡ್ ಕೆಂಪು ಮಣ್ಣಲ್ಲಿ ಹೂತು ಬೈಕ್ ಮಲಗಿಬಿಡುತ್ತದೆ. ಅಂಗೈ ಅಗಲದ ಒಂದು ಹಲಗೆ ತುಂಡು ಬ್ಯಾಗಿನಲ್ಲಿಟ್ಟುಕೊಳ್ಳಿ.

ಕಾಲು ಎಟಕುವುದಿಲ್ಲ ಅಂತ ಬೈಕಿನ ಹಿಂಭಾಗವನ್ನು ತಗ್ಗಿಸುವ ಲೋವರಿಂಗ್ ಲಿಂಕ್ ಹಾಕಿಸುವವರಿದ್ದಾರೆ. ದಯವಿಟ್ಟು ಬೇಡ. ನಿಂಜಾದ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಹೊಟ್ಟೆಯ ಎತ್ತರ) ಇರುವುದೇ 130 ಮಿಮೀ, ಇನ್ನೂ ತಗ್ಗಿಸಿದರೆ ಕಾಡಿನ ಹಂಪ್‌ಗಳಿಗೆ ಹೊಟ್ಟೆ ತಾಗುತ್ತದೆ. ಬೂಟಿನ ಅಟ್ಟೆ ದಪ್ಪ ಮಾಡಿಸಿಕೊಳ್ಳುವುದು ಅಗ್ಗ.

ತಿರುವುಗಳ ವಿಷಯ. ಹೇರ್‌ಪಿನ್ ಏರುವಾಗ ಬೇಕಾದದ್ದು ಕೆಳಗಿನ ಆರ್‌ಪಿಎಂನ, ಅಂದರೆ ಎಂಜಿನ್ ನಿಧಾನಕ್ಕೆ ಸುತ್ತುವಾಗಿನ ಎಳೆತ. ನಿಂಜಾದ ಗರಿಷ್ಠ ಟಾರ್ಕ್ (ಎಂಜಿನ್ನಿನ ತಿರುಚು ಬಲ) 64 ಎನ್‌ಎಂ 6,700 ಆರ್‌ಪಿಎಂಗೆ ಬರುತ್ತದೆ, ಸಿಬಿಆರಿನ 63 ಎನ್‌ಎಂ ಬರುವುದು 9,500ಕ್ಕೆ. ಅಂದರೆ ಟಾರ್ಕ್ ಹೆಚ್ಚೂಕಮ್ಮಿ ಒಂದೇ, ಆದರೆ ಸಿಬಿಆರನ್ನು ಅಲ್ಲಿಗೆ ಏರಿಸಲು ಗೇರ್ ಇಳಿಸಿ ಕಿರುಚಿಸಬೇಕು. ಆ ಕಿರುಚಾಟ ಕೇಳಲು ಬಲು ಇಂಪು, ಅದನ್ನು ಒಪ್ಪುತ್ತೇನೆ. ಡೇಟೋನಾದ ಮೂರು ಸಿಲಿಂಡರ್ ಇಲ್ಲಿ ಜಾಣ: ಗರಿಷ್ಠ 69 ಎನ್‌ಎಂ ಬರುವುದು ಮೇಲೆಯೇ, ಆದರೆ ಅದರ ಶೇಕಡಾ 80ಕ್ಕೂ ಹೆಚ್ಚು 3,125 ಆರ್‌ಪಿಎಂನಿಂದಲೇ ಸಿಗುತ್ತದೆ ಅನ್ನುತ್ತದೆ ಟ್ರಯಂಫ್. ಓಡಿಸಿದಾಗಲೂ ಹಾಗೇ ಅನಿಸಿತು. ಹಿಂದಿನ ಟೈರಿನ ಅಗಲ ನಿಂಜಾದಲ್ಲಿ 160 ಮಿಮೀ, ಆರ್‌ಎಸ್ 457ರಲ್ಲಿ 150, ಉಳಿದೆರಡರಲ್ಲಿ 180. ಅಗಲ ಟೈರು ನಿಂತಾಗ ಗತ್ತು, ಆದರೆ ಬೈಕನ್ನು ಎಡಕ್ಕೆ ಬಲಕ್ಕೆ ಮಲಗಿಸಲು ಒಂದಿಷ್ಟು ಹೆಚ್ಚು ಶ್ರಮ. ಚೆಟ್ಟಳ್ಳಿ–ಸಿದ್ದಾಪುರ ಕಡೆಯ ತೋಟದ ರಸ್ತೆಗಳಲ್ಲಿ, ಒಂದು ತಿರುವು ಮುಗಿಯುವ ಮೊದಲೇ ಇನ್ನೊಂದು ಎದುರಾಗುವಾಗ, ಕಿರಿದಾದ ಟೈರಿನ ಹಗುರ ಬೈಕಿನ ಸುಖವೇ ಸುಖ. ನನ್ನನ್ನು ಕೇಳಿದರೆ ಆ ರಸ್ತೆಯಲ್ಲಿ ಆರ್‌ಎಸ್ 457ನ್ನು ಈ ಮೂರರಲ್ಲಿ ಯಾವುದೂ ಹಿಡಿಯುವುದಿಲ್ಲ.

ನಿಂಜಾದ ದೋಷ ಸಸ್ಪೆನ್ಷನ್. ಮುಂದಿನ ಫೋರ್ಕ್ ಹಳೇ ಮಾದರಿಯದು, ಮೆದು. ಸಿಬಿಆರ್, ಡೇಟೋನಾ ಎರಡಕ್ಕೂ ಇರುವ ಶೋವಾ ಕಂಪನಿಯ ಫೋರ್ಕಿನ ಮುಂದೆ ಅದು ಸಪ್ಪೆ. ಮಳೆಗಾಲ ಕಳೆದು ಗುಂಡಿಬಿದ್ದ ರಸ್ತೆಯಲ್ಲಿ ಆ ಮೆದುತನವೇ ಹಿತ ಅನ್ನುವುದೂ ನಿಜ. ಇಬ್ಬರು ಕೂತಾಗ ಹಿಂಭಾಗ ಕುಸಿದು ಹೆಡ್‌ಲೈಟ್ ಮರದ ತುದಿ ನೋಡುತ್ತದೆ. ಹಿಂದಿನ ಶಾಕಿನ ಪ್ರಿಲೋಡ್, ಅಂದರೆ ಸ್ಪ್ರಿಂಗಿನ ಬಿಗಿ, ಏರಿಸಿಕೊಂಡರೆ ಮುಕ್ಕಾಲು ಸಮಸ್ಯೆ ತೀರುತ್ತದೆ. ಶೋರೂಮಿನವರು ಇದನ್ನು ತಾವಾಗಿ ಮಾಡಿಕೊಡುವುದಿಲ್ಲ, ಕೇಳಿ ಮಾಡಿಸಿ. ಬ್ರೇಕ್, ಕ್ಲಚ್ ಲಿವರ್‌ಗಳ ಕೋನವನ್ನೂ ನಿಮ್ಮ ಮುಂಗೈ ನೇರಕ್ಕೆ ತಿರುಗಿಸಿಕೊಳ್ಳಿ, ಕಾಸಿಲ್ಲದ ಕೆಲಸ.

ಮಳೆಯ ಬಗ್ಗೆ ಕೊಡಗಿನವರಿಗೇ ಹೇಳುವುದೇನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರದ ನೆರಳಿನ ತಿರುವುಗಳಲ್ಲಿ ಪಾಚಿ ಕಟ್ಟಿರುತ್ತದೆ. ನಾಲ್ಕಕ್ಕೂ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ಎಬಿಎಸ್, ಥ್ರಾಟಲ್ ಕೊಟ್ಟಾಗ ಹಿಂದಿನ ಚಕ್ರ ಜಾರದಂತೆ ಟ್ರ್ಯಾಕ್ಷನ್ ಕಂಟ್ರೋಲ್ ಇವೆ, ಡೇಟೋನಾ ಮತ್ತು ಆರ್‌ಎಸ್‌ಗೆ ರೈನ್ ಮೋಡೂ ಇದೆ. ಒಳ್ಳೆಯದೇ. ಆದರೆ ಪಾಚಿಯ ಮೇಲೆ ವಾಲಿದ ಬೈಕನ್ನು ಯಾವ ಮೋಡೂ ಎತ್ತಿ ನಿಲ್ಲಿಸುವುದಿಲ್ಲ. ಜೋರು ಸದ್ದಿನ ಎಕ್ಸಾಸ್ಟ್ ಹಾಕಿಸುವ ಆಸೆ ಇದ್ದರೆ ತಿತಿಮತಿಯ ಆನೆಗಳನ್ನು ಒಮ್ಮೆ ನೆನೆಸಿಕೊಳ್ಳಿ. ಹಲಸು ಹಣ್ಣಾಗುವ ಕಾಲಕ್ಕೆ ಅವು ತೋಟದೊಳಗೇ ಇರುತ್ತವೆ, ಮುಸ್ಸಂಜೆಯಲ್ಲಿ ತಿರುವಿನಾಚೆ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಹಿಂದಿನ ಸೀಟಿನ ಬಗ್ಗೆ ಒಂದೇ ಮಾತು: ಆರ್‌ಎಸ್ 457ರಲ್ಲಿ ಅದು ಹೆಸರಿಗೆ ಮಾತ್ರ. ನಿಂಜಾದ್ದು ಅರಮನೆಯಲ್ಲ, ಆದರೆ ಹುಣಸೂರಿನಲ್ಲಿ ಕಾಫಿಗೆ ನಿಲ್ಲಿಸಿದರೆ ಊರು ಮುಟ್ಟಬಹುದು.

ನೀವು ಕೇಳದ ಒಂದು ಬೈಕ್ ಇದೆ, ಸುಜುಕಿ ಜಿಎಸ್‌ಎಕ್ಸ್-8ಆರ್. 776 ಸಿಸಿ, 78 ಎನ್‌ಎಂ, ಅದೂ 6,800 ಆರ್‌ಪಿಎಂಗೇ, 205 ಕೆಜಿ, ಹ್ಯಾಂಡಲ್ ಕೂಡ ತೀರಾ ತಗ್ಗಿಲ್ಲ. ಡೇಟೋನಾಗೆ ಕೊಡುವಷ್ಟು ದುಡ್ಡಿದ್ದರೆ ಅದನ್ನು ಓಡಿಸಿ ನೋಡದೆ ತೀರ್ಮಾನಿಸಬೇಡಿ. ಬೆಲೆ ವಿಚಾರಿಸುವಾಗ ಹಳೇ ವಿಡಿಯೋಗಳ ಅಂಕಿ ನಂಬಬೇಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ದಾಟಿದ ಬೈಕುಗಳ ತೆರಿಗೆ ಸೆಸ್ ಸೇರಿ 31ರಿಂದ ಶೇಕಡಾ 40ಕ್ಕೆ ಏರಿದೆ. ಸರ್ವಿಸ್ ಬೆಂಗಳೂರಲ್ಲೇ ಮಾಡಿಸಿಕೊಳ್ಳಬಹುದು, ಹಾಗಾಗಿ ನಮ್ಮಷ್ಟು ಪರದಾಟ ನಿಮಗಿಲ್ಲ. ಮಳೆಯಲ್ಲಿ ಬಂದ ಪ್ರತಿ ಸಲ ಚೈನಿಗೆ ಲೂಬ್ ಹಾಕುವುದು, ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಜೊತೆಗಿಡುವುದು, ಇಷ್ಟು ರೂಢಿಯಾದರೆ ಸಾಕು.

ಟೆಸ್ಟ್ ರೈಡಿಗೆ ಹೆಂಡತಿಯನ್ನೂ ಕರೆದುಕೊಂಡು ಹೋಗಿ, ಆ ರ‍್ಯಾಂಪನ್ನು ಇಬ್ಬರೂ ಕೂತು ಒಮ್ಮೆ ಇಳಿಯಿರಿ. ಡೇಟೋನಾದಲ್ಲಿ ನಿಮ್ಮ ಮೊಣಕೈ ಆಡಿದರೆ ನನ್ನ ನಿಂಜಾ ಮಾತನ್ನು ಮರೆತು ಅದನ್ನೇ ತಗೊಳ್ಳಿ. ನಿಮ್ಮ ಕಾಲಿನ ಒಳ ಅಳತೆ, ಅಂದರೆ ತೊಡೆಸಂದಿಯಿಂದ ಹಿಮ್ಮಡಿವರೆಗಿನದು, ಎಷ್ಟಿದೆ ಅಂತ ಕೆಳಗೆ ಬರೆದರೆ ಸೀಟಿನ ವಿಷಯ ಇನ್ನೂ ಖಚಿತವಾಗಿ ಹೇಳಬಹುದು.