ಸೀಟ್ ತಗ್ಗಿಸೋ ಮುಂಚೆ ಒಂದು ಮಾತು

ನಮಸ್ಕಾರ. ನಿಮ್ಮ ಎತ್ತರ 5 ಅಡಿ 2 ಇಂಚು, ದಿನಾ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಓಡಾಟ, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್ ತಗೊಂಡು, ಕಾಲು ನೆಲಕ್ಕೆ ಸಿಗೋ ಹಾಗೆ ಸೀಟಿನ ಫೋಮ್ ಕೊಯ್ಸಿದರೆ ಸಾಕಾ ಅಂತ ಕೇಳಿದ್ದೀರಿ. ದಯವಿಟ್ಟು ಫೋಮ್ ಕೊಯ್ಸಬೇಡಿ. ನಾನು ಹಳೇ ಗಾಡಿಗೆ ಅದನ್ನೇ ಮಾಡಿಸಿದ್ದೆ. ಕಾಲೇನೋ ನೆಲಕ್ಕೆ ಸಿಕ್ತು. ಆದರೆ ದಾರಿ ಮಧ್ಯದ ಭರಮಸಾಗರ ಬರೋಷ್ಟರಲ್ಲಿ ಬೆನ್ನಿನ ಬುಡದ ಮೂಳೆ ಸೀಟಿನ ತಗಡಿಗೇ ತಾಗಿದ ಹಾಗೆ ನೋಯೋದು.

ಕ್ಲಾಸಿಕ್ ಸೀಟಿನ ಎತ್ತರ 805 ಮಿ.ಮೀ., ಗಾಡಿ ತೂಕ 195 ಕೆ.ಜಿ. ಅದೇ ಕಂಪನಿಯ ಮೀಟಿಯರ್ 350 ತೂಕವೂ ಹೆಚ್ಚುಕಮ್ಮಿ ಅಷ್ಟೇ, ಸೀಟಿನ ಎತ್ತರ ಮಾತ್ರ 765. ಸ್ಪ್ಲೆಂಡರ್ 785 ಇದ್ದರೂ ಸೀಟಿನ ಅಗಲ ಕಮ್ಮಿ, ಗಾಡಿ ಹಗುರ. ಹಾಗಾಗಿ ಬರೀ ಅಂಕಿ ನೋಡಬೇಡಿ. ಸೀಟು ಅಗಲ ಇದ್ದಷ್ಟೂ ತೊಡೆ ಹೊರಗೆ ಚಾಚುತ್ತೆ, ಪಾದ ಮೇಲೇಳುತ್ತೆ.

ಶೋರೂಮಿಗೆ ದಿನಾ ಹಾಕೋ ಶೂ, ಪ್ಯಾಂಟಿನಲ್ಲೇ ಹೋಗಿ. ಸ್ಟ್ಯಾಂಡ್ ತೆಗೆದು ಹತ್ತು ನಿಮಿಷ ಕೂತ್ಕೊಳ್ಳಿ. ಎರಡೂ ಕಾಲಿನ ಮುಂಗಾಲು ಗಟ್ಟಿಯಾಗಿ ಊರಿದರೆ ಸಾಕು, ಹಿಮ್ಮಡಿ ತಾಗಲೇಬೇಕಂತಿಲ್ಲ. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು. ತೋಳು ನೆಟ್ಟಗಾದರೆ ಗುಂಡಿಯ ಏಟೆಲ್ಲಾ ಭುಜಕ್ಕೇ. ಆಮೇಲೆ ಕೂತಲ್ಲೇ ಕಾಲಿಂದ ಗಾಡಿ ಹಿಂದಕ್ಕೆ ತಳ್ಳಿ ನೋಡಿ. ಪಾರ್ಕಿಂಗ್‌ನಲ್ಲಿ ದಿನಾ ಮಾಡೋ ಕೆಲಸ ಅದೇ ಅಲ್ವಾ?

ಮೀಟಿಯರ್‌ನಲ್ಲಿ ಫುಟ್‌ರೆಸ್ಟ್ ಮುಂದಿದೆ, ಮೈಭಾರವೆಲ್ಲ ಸೊಂಟದ ಮೇಲೆ ಬೀಳುತ್ತೆ. ಒಂದು ಕಡೆಗೇ 60 ಕಿ.ಮೀ. ಹೈವೇ ಇದೆ. ಸೊಂಟನೋವು ಮೊದಲೇ ಇದ್ದರೆ ನಾನಂತೂ ಮೀಟಿಯರ್ ತಗೊಳ್ಳಿ ಅಂತ ಹೇಳಲ್ಲ. ಸ್ನೇಹಿತರದ್ದು ಯಾರದ್ದಾದರೂ ಇದ್ದರೆ ಒಂದು ದಿನ ಇಸ್ಕೊಂಡು ದುರ್ಗಕ್ಕೆ ಹೋಗಿಬನ್ನಿ. ಸುಮ್ನೆ ಊರೊಳಗೆ ಒಂದು ಸುತ್ತು ಹೊಡೆದರೆ ಗೊತ್ತಾಗಲ್ಲ.